ಕಲ್ಲಿನ ರಥದ ಮೇಲೊಂದು ಗೋಪುರವಿತ್ತು

(ಹವ್ಯಾಸಿ ಛಾಯಾಗ್ರಾಹಕರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಜೇಬಿನಲ್ಲಿ ಐವತ್ತು ರೂಪಾಯಿಯ ನೀಲಿ ನೋಟಿದ್ದರೆ ಒಮ್ಮೆ ಹೊರತೆಗೆದು ಹಿಂಬದಿ ನೋಡಿ. 2017ರಲ್ಲಿ ಚಲಾವಣೆಗೆ ಬಂದ ಈ ನೋಟಿನ ಮೇಲೆ ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥ ಅಚ್ಚಾಗಿದೆ. ಚಕ್ರಗಳು, ಕಂಬಗಳು, ಮೇಲೆ ಚಪ್ಪಟೆಯಾದ ಚಾವಣಿ. ಹಂಪೆಗೆ ಹೋಗಿ ಬಂದವರ ಮನೆಗಳಲ್ಲಿ ಈ ರಥದ ಮುಂದೆ ನಿಂತು ತೆಗೆಸಿಕೊಂಡ ಒಂದು ಚಿತ್ರವಾದರೂ ಇದ್ದೇ ಇರುತ್ತದೆ.

ಆದರೆ 1856ರಲ್ಲಿ ತೆಗೆದ ಛಾಯಾಚಿತ್ರವೊಂದರಲ್ಲಿ ಇದೇ ರಥಕ್ಕೆ ಬೇರೆಯದೇ ರೂಪವಿದೆ. ಅದರ ನೆತ್ತಿಯ ಮೇಲೆ ಇಟ್ಟಿಗೆಯಿಂದ ಕಟ್ಟಿದ ಗೋಪುರವಿದೆ. ಅಲ್ಲಲ್ಲಿ ಶಿಥಿಲವಾಗಿದ್ದರೂ ಅದು ಗೋಪುರವೇ ಎಂಬುದರಲ್ಲಿ ಸಂಶಯವಿಲ್ಲ. ಗರುಡನ ಗುಡಿಯಾಗಿದ್ದ ಈ ರಥಕ್ಕೆ ಉಳಿದ ಗುಡಿಗಳಿಗಿದ್ದಂತೆಯೇ ಶಿಖರವಿತ್ತು. ನಂತರದ ವರ್ಷಗಳಲ್ಲಿ ಅದು ಇಲ್ಲವಾಯಿತು. ಇಂದು ರಥವನ್ನು ನೋಡುವವರಿಗೆ ಅಲ್ಲೇನೋ ಕೊರತೆಯಿದೆ ಎಂಬ ಅನುಮಾನವೂ ಬರುವುದಿಲ್ಲ. ಕೊರತೆ ಹೇಗೆ ಕಾಣುತ್ತಿತ್ತೆಂದು ತೋರಿಸುವುದಕ್ಕೆ ಆ ಚಿತ್ರವೊಂದು ಉಳಿದಿದೆ.

ಅದನ್ನು ತೆಗೆದವನು ಅಲೆಕ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದ ಅಧಿಕಾರಿ. ಸೈನಿಕನಾಗಿರುವುದು ಅವನ ವೃತ್ತಿ, ಛಾಯಾಗ್ರಹಣ ಹವ್ಯಾಸ. ಅಂದರೆ ಈ ಸಭೆಯಲ್ಲಿ ಕುಳಿತಿರುವವರ ಪೈಕಿಯವನೇ. ಹಂಪೆಯಲ್ಲಿ ಆತ ಸುಮಾರು ಅರವತ್ತು ಚಿತ್ರಗಳನ್ನು ದೊಡ್ಡ ಅಳತೆಯ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದ. ಆ ನೆಗೆಟಿವ್‌ಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದವು. 1980ರ ದಶಕದಲ್ಲಿ ಆಸ್ಟ್ರೇಲಿಯದ ವಾಸ್ತುಶಿಲ್ಪ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಯೇ ನಿಂತು, ಅದೇ ದೃಶ್ಯಗಳನ್ನು ಮತ್ತೆ ತೆಗೆದರು. ಹಳೆಯ ಚಿತ್ರ, ಹೊಸ ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಯಾವುದು ಬಿದ್ದಿದೆ, ಯಾವುದನ್ನು ಎತ್ತಿ ನಿಲ್ಲಿಸಲಾಗಿದೆ, ಯಾವುದು ಮಾಯವಾಗಿದೆ ಎಂಬುದು ಯಾರ ವಿವರಣೆಯೂ ಬೇಡದಂತೆ ಕಾಣುತ್ತದೆ.

ಚಿತ್ರ ತೆಗೆಯುವುದನ್ನು ಚೆನ್ನಾಗಿ ಕಲಿಯಬೇಕು ಎನ್ನುವವರಿಗೆ ಸಾಮಾನ್ಯವಾಗಿ ಸಿಗುವ ಮೊದಲ ಸಲಹೆ ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದು. ಇಲ್ಲಿ ಆ ಮಾತನ್ನು ಕೊನೆಗಿಟ್ಟು, ಗ್ರೀನ್‌ಲಾನ ಚಿತ್ರದಿಂದಲೇ ಆರಂಭಿಸುವುದು ಒಳ್ಳೆಯದು.

ನಿಧಾನದ ಲಾಭ

ಗ್ರೀನ್‌ಲಾ ಬಳಸಿದ್ದು ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ಯಾಲೊಟೈಪ್ ಎಂಬ ಕಾಗದದ ನೆಗೆಟಿವ್ ವಿಧಾನ. ಒಳ್ಳೆಯ ಬರೆಯುವ ಕಾಗದಕ್ಕೆ ಬೆಳ್ಳಿಯ ಲವಣಗಳನ್ನು ಲೇಪಿಸಿ, ಕತ್ತಲಲ್ಲಿ ಕಾಪಾಡಿ, ಮರದ ದೊಡ್ಡ ಕ್ಯಾಮೆರಾದಲ್ಲಿಟ್ಟು, ಮಸೂರದ ಮುಚ್ಚಳ ತೆಗೆದು ಕಾಯಬೇಕು. ಇಂದಿನಂತೆ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸವಲ್ಲ; ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಬಳಿಕ ಮತ್ತೆ ಕತ್ತಲಲ್ಲಿ ರಾಸಾಯನಿಕಗಳಿಂದ ಚಿತ್ರವನ್ನು ಮೂಡಿಸಿ, ತೊಳೆದು, ಒಣಗಿಸಬೇಕು. ಕಾಗದ ಪಾರದರ್ಶಕವಾಗಲೆಂದು ಮೇಣ ಸವರುವುದೂ ಇತ್ತು. ಇಷ್ಟನ್ನೂ ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ, ಬಂಡೆಗಳ ನಡುವೆ, ಸಾಮಾನು ಹೊರಿಸಿಕೊಂಡು ಮಾಡಬೇಕು.

ಹೀಗಿರುವಾಗ ಒಂದು ಚಿತ್ರಕ್ಕೆ ಮುನ್ನ ಆತ ಎಷ್ಟು ನೋಡಿರಬೇಕು! ಎಲ್ಲಿ ನಿಂತರೆ ಗೋಪುರ ಪೂರ್ತಿ ಕಾಣುತ್ತದೆ, ಯಾವ ಹೊತ್ತಿಗೆ ನೆರಳು ಸರಿಯುತ್ತದೆ ಎಂಬುದನ್ನೆಲ್ಲ ಮೊದಲೇ ಲೆಕ್ಕ ಹಾಕದೆ ಮುಚ್ಚಳ ತೆಗೆಯುವಂತೆಯೇ ಇರಲಿಲ್ಲ. ಕಾಗದ ಕೆಟ್ಟರೆ ದಿನವೇ ಕೆಟ್ಟಂತೆ.

ಇಪ್ಪತ್ತು-ಮೂವತ್ತು ವರ್ಷಗಳ ಹಿಂದಿನವರೆಗೂ ಈ ಶಿಸ್ತಿನ ಒಂದು ಪಾಲು ನಮ್ಮ ಮನೆಗಳಲ್ಲೂ ಇತ್ತು. ಆಗ್ಫಾ ಕ್ಲಿಕ್ ಡಬ್ಬಿಗೆ ಒಂದು ರೋಲು ಹಾಕಿದರೆ ಹನ್ನೆರಡೇ ಚಿತ್ರ. ಹಾಟ್‌ಶಾಟ್ ಬಂದ ಮೇಲೆ ಮೂವತ್ತಾರು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪು-ಬಿಳುಪು ಫಿಲ್ಮನ್ನು ಲೆಕ್ಕ ಹಾಕಿ ಖರ್ಚು ಮಾಡಿದವರು ಈ ಸಭೆಯಲ್ಲೂ ಇರಬಹುದು. ಮದುವೆಗೆ ಹತ್ತು, ಪ್ರವಾಸಕ್ಕೆ ಹತ್ತು, ಮಗುವಿನ ನಾಮಕರಣಕ್ಕೆ ಉಳಿದದ್ದು ಎಂದು ಮನೆಯವರೆಲ್ಲ ಕುಳಿತು ಹಂಚುತ್ತಿದ್ದ ಕಾಲ ಅದು. ಈಗ ಲೆಕ್ಕವಿಲ್ಲ. ಒಂದು ಸಂಜೆಗೆ ಇನ್ನೂರು ಚಿತ್ರ ತೆಗೆದರೂ ಕಾಸು ಖರ್ಚಾಗುವುದಿಲ್ಲ. ಖರ್ಚಾಗದ್ದರಿಂದಲೇ ನೋಡುವುದೂ ಕಡಿಮೆಯಾಗಿದೆ.

ಆದ್ದರಿಂದ ಹವ್ಯಾಸಿಗೆ ಮೊದಲ ಅಭ್ಯಾಸ ಇದು: ದಿನಕ್ಕೆ ಹನ್ನೆರಡೇ ಚಿತ್ರ ಎಂದು ತಾನೇ ಮಿತಿ ಹಾಕಿಕೊಳ್ಳುವುದು. ಗುಂಡಿ ಒತ್ತುವ ಮೊದಲು ಮನಸ್ಸಿನಲ್ಲಿ ಒಂದು ವಾಕ್ಯ ಹೇಳಿಕೊಳ್ಳಬೇಕು. ‘ಈ ಚಿತ್ರ ಇದಕ್ಕಾಗಿ.’ ವಾಕ್ಯ ಪೂರ್ತಿಯಾಗದಿದ್ದರೆ ಚಿತ್ರವೂ ಪೂರ್ತಿಯಾಗುವುದಿಲ್ಲ. ‘ಹಂಪೆ ಚೆನ್ನಾಗಿದೆ’ ಎಂಬುದು ಚಿತ್ರವಲ್ಲ. ‘ಈ ಕಂಬದ ಮೇಲಿನ ಕುದುರೆಯ ಕಾಲು ಸವೆದಿದೆ’ ಎಂಬುದು ಚಿತ್ರ.

ಬೆಳಕೇ ಬಂಡವಾಳ

ಹಂಪೆಗೆ ಹೋಗುವ ಬಹಳಷ್ಟು ಜನ ಬೆಳಿಗ್ಗೆ ಹೊಸಪೇಟೆಯಲ್ಲಿ ತಿಂಡಿ ಮುಗಿಸಿ ಹತ್ತೂವರೆ, ಹನ್ನೊಂದಕ್ಕೆ ಬಂಡೆಗಳ ನಡುವೆ ಇಳಿಯುತ್ತಾರೆ. ಮಧ್ಯಾಹ್ನ ಮೂರರವರೆಗೆ ಸುತ್ತುತ್ತಾರೆ. ಕಾಲಿಗೂ ಕಷ್ಟ, ಕ್ಯಾಮೆರಾಕ್ಕೂ ಕಷ್ಟ. ಸೂರ್ಯ ನೆತ್ತಿಯ ಮೇಲಿದ್ದಾಗ ಗೋಡೆಯ ಉಬ್ಬುಶಿಲ್ಪಗಳು ಮಟ್ಟಸವಾಗಿ, ಜೀವವಿಲ್ಲದೆ ಕಾಣುತ್ತವೆ. ಮನುಷ್ಯರ ಕಣ್ಣುಗಳ ಗುಳಿಯಲ್ಲಿ ಕಪ್ಪು ನೆರಳು ಕೂರುತ್ತದೆ.

ಅದೇ ಗೋಡೆಗೆ ಬೆಳಿಗ್ಗೆ ಏಳಕ್ಕೆ ಅಥವಾ ಸಂಜೆ ಐದಕ್ಕೆ ಬೆಳಕು ಓರೆಯಾಗಿ ಬೀಳುತ್ತದೆ. ಆಗ ಉಬ್ಬಿನ ಒಂದು ಬದಿ ಬೆಳಗಿ ಇನ್ನೊಂದು ಬದಿ ನೆರಳಾಗುತ್ತದೆ. ಆನೆಯ ಸೊಂಡಿಲು, ನರ್ತಕಿಯ ಗೆಜ್ಜೆ ಎದ್ದು ಬರುತ್ತವೆ. ಶಿಲ್ಪ ಅದೇ, ಕ್ಯಾಮೆರಾ ಅದೇ. ಬದಲಾದದ್ದು ಬೆಳಕಿನ ದಿಕ್ಕು ಮಾತ್ರ. ರವೆಯ ರಾಶಿಯ ಮೇಲೆ ಟಾರ್ಚನ್ನು ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಬಿಟ್ಟು ನೋಡಿದರೆ ಈ ಪಾಠ ಅಡುಗೆಮನೆಯಲ್ಲೇ ಮುಗಿಯುತ್ತದೆ.

ಹಾಗಾದರೆ ಮಧ್ಯಾಹ್ನ ಕ್ಯಾಮೆರಾ ಒಳಗಿಡಬೇಕೆ? ಬೇಕಿಲ್ಲ. ನೆರಳಿಗೆ ಹೋಗಬೇಕು. ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದ ಮಂಟಪ, ಹಳ್ಳಿಮನೆಯ ಜಗಲಿ, ಅಂಗಡಿಯ ಸೂರು, ಇವೆಲ್ಲ ಛಾಯಾಗ್ರಾಹಕನಿಗೆ ಪುಕ್ಕಟೆ ಸ್ಟುಡಿಯೋಗಳು. ಬಿಸಿಲು ಹೊರಗಿನ ನೆಲಕ್ಕೆ ಬಡಿದು, ಮೆತ್ತಗಾಗಿ, ಒಳಗೆ ಕುಳಿತವರ ಮುಖದ ಮೇಲೆ ಹರಡುತ್ತದೆ. ಮುಖವನ್ನು ತೆರೆದ ಬದಿಗೆ ಸ್ವಲ್ಪ ತಿರುಗಿಸಲು ಹೇಳಿದರೆ ಸಾಕು. ಇನ್ನೊಂದು ಕೆನ್ನೆ ಬಹಳ ಕಪ್ಪಾದರೆ ಅತ್ತ ಒಂದು ಬಿಳಿ ಪಂಚೆಯನ್ನೋ ದಿನಪತ್ರಿಕೆಯ ಹಾಳೆಯನ್ನೋ ಹಿಡಿಯಬಹುದು. ಬೆಳಕು ಅದಕ್ಕೆ ಬಡಿದು ಹಿಂದಿರುಗುತ್ತದೆ.

ಬೆಳಕಿನ ವಿಷಯದಲ್ಲಿ ಕ್ಯಾಮೆರಾ ಮಾಡುವ ಒಂದು ತಪ್ಪನ್ನು ಹವ್ಯಾಸಿ ತಿಳಿದಿರಲೇಬೇಕು. ಕ್ಯಾಮೆರಾದ ಮಾಪಕಕ್ಕೆ ಕಲ್ಲು ಯಾವುದು, ಬಟ್ಟೆ ಯಾವುದು ಗೊತ್ತಿಲ್ಲ. ಎದುರಿಗಿರುವುದು ಒಟ್ಟಾರೆ ನಡುವಣ ಬೂದು ಬಣ್ಣದ್ದು ಎಂದು ಭಾವಿಸಿ ಅದು ಬೆಳಕಿನ ಪ್ರಮಾಣ ನಿರ್ಧರಿಸುತ್ತದೆ. ಹೀಗಾಗಿ ಚಿತ್ರದ ತುಂಬ ಕಪ್ಪು ಶಿಲೆಯ ವಿಗ್ರಹವೇ ಇದ್ದರೆ ಅದನ್ನು ಬೂದು ಮಾಡಲು ಹೊರಟು ಬೆಳಕನ್ನು ಹೆಚ್ಚು ಬಿಡುತ್ತದೆ. ವಿಗ್ರಹ ಸುಣ್ಣ ಬಳಿದಂತಾಗುತ್ತದೆ. ಬಿಳಿ ಪಂಚೆ, ಬಿಳಿ ಅಂಗಿಯ ಹಿರಿಯರ ಗುಂಪನ್ನು ತೆಗೆದರೆ ಬೆಳಕನ್ನು ಕಡಿಮೆ ಮಾಡುತ್ತದೆ. ಪಂಚೆ ಮಾಸಿದಂತೆ, ಮುಖಗಳು ಕಪ್ಪಾದಂತೆ ಬರುತ್ತವೆ. ಹಾಗಾಗಿ ಕಪ್ಪಿಗೆ ಬೆಳಕನ್ನು ತುಸು ಇಳಿಸಬೇಕು, ಬಿಳಿಗೆ ತುಸು ಏರಿಸಬೇಕು. ಕ್ಯಾಮೆರಾಗಳಲ್ಲಿ ಇದಕ್ಕೆಂದೇ ‘ಪ್ಲಸ್-ಮೈನಸ್’ ಗುರುತಿನ ಗುಂಡಿ ಇರುತ್ತದೆ. ಈಗಿನ ಬಹುತೇಕ ಫೋನ್‌ಗಳಲ್ಲಿ ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿ, ಮೇಲೆ ಕೆಳಗೆ ಎಳೆದರೆ ಇದೇ ಕೆಲಸವಾಗುತ್ತದೆ. ಕಿಟಕಿಗೆ ಬೆನ್ನು ಮಾಡಿ ನಿಂತವರು ಕಪ್ಪು ಬೊಂಬೆಗಳಾಗುವುದೂ ಇದೇ ಕಾರಣಕ್ಕೆ.

ಮೂರು ಬಾಗಿಲುಗಳು

ಎಷ್ಟು ಬೆಳಕು ಒಳಗೆ ಬರಬೇಕೆಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ. ಮಸೂರದೊಳಗಿನ ಕಿಂಡಿಯ ಅಗಲ, ಕಿಂಡಿ ತೆರೆದಿರುವ ಹೊತ್ತು, ಫಿಲ್ಮಿನ ಅಥವಾ ಸಂವೇದಕದ ಸೂಕ್ಷ್ಮತೆ. ಕಿಂಡಿಯನ್ನು ಎಫ್ ಸಂಖ್ಯೆಯಿಂದ ಅಳೆಯುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 2 ಎಂದರೆ ಹೆಬ್ಬಾಗಿಲು, ಎಫ್ 16 ಎಂದರೆ ಗವಾಕ್ಷಿ. ಕಿಂಡಿ ದೊಡ್ಡದಾದರೆ ಬೆಳಕು ಹೆಚ್ಚು ಬರುತ್ತದೆ, ಆದರೆ ಸ್ಫುಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಮುಖ ಮಾತ್ರ ಸ್ಪಷ್ಟವಾಗಿ ಹಿಂದಿನದೆಲ್ಲ ಮಸುಕಾಗಬೇಕಿದ್ದರೆ ಇದು ಅನುಕೂಲ. ಹತ್ತಿರದ ಬಂಡೆಯಿಂದ ದೂರದ ಮಾತಂಗ ಬೆಟ್ಟದವರೆಗೂ ಸ್ಪಷ್ಟವಾಗಬೇಕಿದ್ದರೆ ಕಿಂಡಿಯನ್ನು ಕಿರಿದು ಮಾಡಬೇಕು.

ಎರಡನೆಯದು ಹೊತ್ತು. 1838ರಲ್ಲಿ ಪ್ಯಾರಿಸ್ಸಿನ ಲೂಯಿ ಡಾಗೆರ್ ತನ್ನ ಕಿಟಕಿಯಿಂದ ಕೆಳಗಿನ ರಸ್ತೆಯ ಚಿತ್ರ ತೆಗೆದ. ಗಿಜಿಗುಡುತ್ತಿದ್ದ ರಸ್ತೆ ಚಿತ್ರದಲ್ಲಿ ನಿರ್ಜನವಾಗಿತ್ತು. ಕ್ಯಾಮೆರಾ ನಿಮಿಷಗಟ್ಟಲೆ ತೆರೆದಿದ್ದರಿಂದ ಓಡಾಡಿದ ಜನ, ಗಾಡಿಗಳು ಯಾವುವೂ ಮೂಡಲಿಲ್ಲ. ಒಂದು ಮೂಲೆಯಲ್ಲಿ ಬೂಟು ಪಾಲಿಷ್ ಮಾಡಿಸಿಕೊಳ್ಳುತ್ತ ಅಲುಗದೆ ನಿಂತ ಒಬ್ಬ ಮಾತ್ರ ಉಳಿದ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಆತ ಒಬ್ಬ. ತಾನು ಚರಿತ್ರೆ ಸೇರಿದ್ದು ಅವನಿಗೆ ಗೊತ್ತೇ ಆಗಿರಲಾರದು.

ಈಗ ಕ್ಷಣದ ಸಾವಿರದಲ್ಲೊಂದು ಭಾಗವನ್ನೂ ಹಿಡಿಯಬಹುದು. ಆದರೂ ಹವ್ಯಾಸಿಗಳ ಹಾಳಾದ ಚಿತ್ರಗಳಲ್ಲಿ ಬಹುಪಾಲು ಕೈ ನಡುಗಿದ್ದರಿಂದ ಹಾಳಾದವು. ಇದಕ್ಕೊಂದು ಸರಳ ಲೆಕ್ಕವಿದೆ. ಮಸೂರ 50 ಮಿಲಿಮೀಟರಿನದಾದರೆ ಕಿಂಡಿ ತೆರೆದಿರುವ ಹೊತ್ತು ಸೆಕೆಂಡಿನ ಐವತ್ತರಲ್ಲೊಂದು ಭಾಗಕ್ಕಿಂತ ಹೆಚ್ಚಿರಬಾರದು. 200 ಮಿಲಿಮೀಟರಿನದಾದರೆ ಇನ್ನೂರರಲ್ಲೊಂದು. ನಡುಕವನ್ನು ತಡೆಯುವ ಯಂತ್ರಾಂಶವಿರುವ ಹೊಸ ಕ್ಯಾಮೆರಾಗಳಲ್ಲಿ ಸ್ವಲ್ಪ ರಿಯಾಯಿತಿ ಉಂಟು. ಇಲ್ಲದಿದ್ದರೆ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಕಂಬಕ್ಕೋ ಗೋಡೆಗೋ ಒರಗಿ, ಉಸಿರು ಬಿಟ್ಟು ಗುಂಡಿ ಒತ್ತಬೇಕು.

ಮೂರನೆಯದಾದ ಸೂಕ್ಷ್ಮತೆಯನ್ನು ಐಎಸ್‌ಒ ಸಂಖ್ಯೆಯಿಂದ ಹೇಳುತ್ತಾರೆ. ಸಂಖ್ಯೆ ಹೆಚ್ಚಿಸಿದರೆ ಮಬ್ಬಿನಲ್ಲೂ ಚಿತ್ರ ಬರುತ್ತದೆ, ಜೊತೆಗೆ ರವೆ ಚೆಲ್ಲಿದಂತೆ ಕಾಳುಕಾಳಾಗುತ್ತದೆ. ಹಳೆಯ ಛಾಯಾಗ್ರಾಹಕರು ಮಾಪಕವಿಲ್ಲದೆಯೇ ಬಳಸುತ್ತಿದ್ದ ಸೂತ್ರವೊಂದಿದೆ. ಬಟಾಬಯಲಿನ ಪ್ರಖರ ಬಿಸಿಲಿನಲ್ಲಿ ಎಫ್ 16 ಇಟ್ಟು, ಹೊತ್ತನ್ನು ಐಎಸ್‌ಒ ಸಂಖ್ಯೆಗೆ ಸರಿಹೊಂದಿಸಬೇಕು. ಐಎಸ್‌ಒ 100 ಆದರೆ ಸೆಕೆಂಡಿನ ನೂರರಲ್ಲೊಂದು ಭಾಗ. ಫೋನಿನಲ್ಲಿ ಇದೆಲ್ಲ ತಾನಾಗಿಯೇ ಆಗುತ್ತದೆ ನಿಜ. ಆದರೆ ಯಂತ್ರ ಯಾವಾಗ ತಪ್ಪುತ್ತದೆ ಎಂದು ಗೊತ್ತಿರುವವನು ಮಾತ್ರ ಅದನ್ನು ತಿದ್ದಬಲ್ಲ.

ನಿಲ್ಲುವ ಜಾಗ

ರಥದ ಮುಂದಿನ ಕುಟುಂಬದ ಚಿತ್ರವನ್ನೇ ತೆಗೆದುಕೊಳ್ಳಿ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ರಥದ ಚಕ್ರದ ಪಕ್ಕಕ್ಕೇ ಹೋಗಿ ನಿಲ್ಲುತ್ತಾರೆ. ರಥ ಪೂರ್ತಿ ಬರಬೇಕೆಂದು ಚಿತ್ರ ತೆಗೆಯುವವರು ಹಿಂದೆ ಹಿಂದೆ ಸರಿಯುತ್ತಾರೆ. ಕೊನೆಗೆ ಮನೆಗೆ ಬಂದು ನೋಡಿದರೆ ರಥವಿದೆ, ಆಕಾಶವಿದೆ, ಎದುರಿಗೆ ಎರಡಾಳಿನಷ್ಟು ಖಾಲಿ ನೆಲವಿದೆ. ಮಕ್ಕಳ ಮುಖ ಮಾತ್ರ ಸಾಸಿವೆ ಕಾಳಿನಷ್ಟಿದೆ.

ಪರಿಹಾರ ಸುಲಭ. ರಥ ಪೂರ್ತಿ ಕಾಣುವ ಜಾಗದಲ್ಲಿ ಚಿತ್ರ ತೆಗೆಯುವವರು ನಿಲ್ಲಲಿ. ಮನೆಯವರು ರಥದ ಬಳಿಯಿಂದ ಕ್ಯಾಮೆರಾದ ಕಡೆಗೆ ನಡೆದು ಬರಲಿ. ಆರೇಳು ಅಡಿ ದೂರದಲ್ಲಿ, ಚೌಕಟ್ಟಿನ ಒಂದು ಬದಿಗೆ ನಿಲ್ಲಲಿ. ಈಗ ಮುಖಗಳೂ ದೊಡ್ಡದಾದವು, ರಥವೂ ಉಳಿಯಿತು. ಆದರೆ ಮುಖ ದೊಡ್ಡದಾಗಲೆಂದು ಫೋನನ್ನು ಮೂಗಿನ ತುದಿಗೇ ಒಯ್ಯಬಾರದು. ಬಹಳ ಹತ್ತಿರದಿಂದ ತೆಗೆದಾಗ ಮೂಗು ದಪ್ಪವಾಗಿ, ಕಿವಿಗಳು ಹಿಂದೆ ಸರಿದಂತಾಗಿ, ಮುಖ ವಿಕಾರವಾಗುತ್ತದೆ. ಬೆರಳಿನಿಂದ ಹಿಗ್ಗಿಸುವ ಜೂಮ್ ಕೂಡ ಅನೇಕ ಫೋನ್‌ಗಳಲ್ಲಿ ಚಿತ್ರದ ಅಂಚು ಕತ್ತರಿಸುವ ಕೆಲಸವಷ್ಟೇ. ಅದಕ್ಕಿಂತ ನಾಲ್ಕು ಹೆಜ್ಜೆ ನಡೆಯುವುದು ಮೇಲು.

ಗುಂಡಿ ಒತ್ತುವ ಮೊದಲು ಚೌಕಟ್ಟಿನ ನಾಲ್ಕೂ ಅಂಚುಗಳ ಮೇಲೆ ಕಣ್ಣು ಹಾಯಿಸಬೇಕು. ತಲೆಯಿಂದ ವಿದ್ಯುತ್ ಕಂಬ ಮೊಳೆತಿದೆಯೆ? ಕಾಲು ಪಾದದ ಬಳಿ ತುಂಡಾಗಿದೆಯೆ? ದಿಗಂತ ವಾಲಿ ತುಂಗಭದ್ರೆಯ ನೀರು ಒಂದು ಕಡೆ ಚೆಲ್ಲುವಂತಿದೆಯೆ? ಒಂದು ಹೆಜ್ಜೆ ಎಡಕ್ಕೆ, ಒಮ್ಮೆ ಮೊಣಕಾಲೂರಿ, ಇಷ್ಟರಲ್ಲೇ ಇಂಥ ದೋಷಗಳಲ್ಲಿ ಬಹುತೇಕ ಹೋಗುತ್ತವೆ. ಮಕ್ಕಳ ಚಿತ್ರವನ್ನು ಮಕ್ಕಳ ಕಣ್ಣಿನ ಎತ್ತರದಿಂದಲೇ ತೆಗೆಯಬೇಕು. ನಿಂತು ಕೆಳಗೆ ನೋಡುತ್ತ ತೆಗೆದರೆ ನೆತ್ತಿಯೇ ಹೆಚ್ಚು ಕಾಣುತ್ತದೆ. ಮುಖ್ಯ ವಸ್ತುವನ್ನು ನಟ್ಟನಡುವೆ ಇಡುವ ಬದಲು ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ ಗೆರೆಗಳು ಕೂಡುವಲ್ಲಿ ಇಡಬೇಕೆಂಬ ನಿಯಮವಿದೆ. ಒಳ್ಳೆಯ ನಿಯಮವೇ. ಆದರೆ ಗೋಪುರದಂಥ ಸಮಬದಿಯ ವಸ್ತುವಿಗೆ ನಡುವೆ ನಿಲ್ಲುವುದೇ ಶೋಭೆ.

ಹೀಗೆ ಕಾಲಿನಿಂದ ಆಗುವ ಕೆಲಸಗಳನ್ನೆಲ್ಲ ಬಿಟ್ಟು ಕ್ಯಾಮೆರಾವನ್ನು ದೂರುವವರನ್ನು ಕಂಡಾಗ ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ನೆನಪಾಗುತ್ತದೆ. ಹೊಸ ಮಸೂರ ಕೊಳ್ಳುವ ಮೊದಲು ಇರುವ ಮಸೂರದ ಮೇಲಿನ ಬೆರಳಚ್ಚನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ ನೋಡಬಹುದು. ಮಂಜು ಕವಿದಂಥ ಎಷ್ಟೋ ಚಿತ್ರಗಳ ಮಂಜು ಅಲ್ಲೇ ಇರುತ್ತದೆ. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಶತ್ರು ಬೂಷ್ಟು. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಟ್ಟ ಕ್ಯಾಮೆರಾದ ಮಸೂರದೊಳಗೆ ಜೇಡರ ಬಲೆಯಂತೆ ಬೂಷ್ಟು ಬೆಳೆಯುತ್ತದೆ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುವುದು ಕಡಿಮೆ ಖರ್ಚಿನ ಉಪಾಯ.

ಮುಖಗಳ ಸಾಲ

ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ನಡೆಯುವ ಒಂದು ಹುಡುಕಾಟ ಎಲ್ಲರಿಗೂ ಗೊತ್ತು. ಹನ್ನೊಂದನೆಯ ದಿನದೊಳಗೆ ಹಾರ ಹಾಕಲು ಒಂದು ಫೋಟೋ ಬೇಕು. ಆಲ್ಬಂಗಳನ್ನು ತೆರೆಯುತ್ತಾರೆ, ಎಲ್ಲರ ಫೋನ್‌ಗಳನ್ನು ತಡಕುತ್ತಾರೆ. ಮೊಮ್ಮಗನ ಹುಟ್ಟುಹಬ್ಬದ ಕೇಕಿನ ಚಿತ್ರ ನಲವತ್ತಿವೆ; ಅಜ್ಜಿಯದು ಒಂದೂ ಇಲ್ಲ. ಇದ್ದರೂ ಯಾರದೋ ಹೆಗಲ ಹಿಂದೆ ಅರ್ಧ ಮುಖ. ಕೊನೆಗೆ ಮದುವೆಯ ಗುಂಪು ಚಿತ್ರದಿಂದ ಕತ್ತರಿಸಿ ಹಿಗ್ಗಿಸಿದ್ದೋ ಮತದಾರರ ಗುರುತಿನ ಚೀಟಿಯದ್ದೋ ಗೋಡೆ ಸೇರುತ್ತದೆ. ಮುಂದಿನ ಪೀಳಿಗೆಗೆ ಆ ಅಜ್ಜಿ ಎಂದರೆ ಆ ಗಾಬರಿಯ ಮುಖವೇ.

ಮನೆಯಲ್ಲಿ ಕ್ಯಾಮೆರಾ ಹಿಡಿಯಬಲ್ಲವರಿದ್ದೂ ಹೀಗಾದರೆ ಅದು ಕಲೆಯ ಕೊರತೆಯಲ್ಲ, ಗಮನದ ಕೊರತೆ. ಅಜ್ಜಿಯನ್ನು ಸಿಂಗರಿಸಿ ಕುರ್ಚಿಯ ಮೇಲೆ ಕೂರಿಸಬೇಕಾಗಿಲ್ಲ. ಬೆಳಗಿನ ಹೊತ್ತು ಬಾಗಿಲ ಬಳಿ ಕುಳಿತು ಹೂ ಕಟ್ಟುವಾಗ, ಮೊರದಲ್ಲಿ ಅಕ್ಕಿ ಆರಿಸುವಾಗ ಬೆಳಕು ಪಕ್ಕದಿಂದ ಬೀಳುತ್ತಿರುತ್ತದೆ. ಹತ್ತಿರ ಕುಳಿತು ಮಾತಾಡುತ್ತಿರಬೇಕು. ಮೊದಲ ನಾಲ್ಕು ಚಿತ್ರಗಳಲ್ಲಿ ಆಕೆ ಕ್ಯಾಮೆರಾವನ್ನು ನೋಡುತ್ತಾರೆ, ಐದನೆಯದರಲ್ಲಿ ಮರೆಯುತ್ತಾರೆ. ಮುಖದ ಜೊತೆ ಕೈಗಳದ್ದೂ ಒಂದು ಚಿತ್ರವಿರಲಿ.

ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರ ಹೆಸರನ್ನು ಇಲ್ಲಿ ನೆನೆಯಬೇಕು. ಪತ್ರಿಕಾ ಛಾಯಾಗ್ರಾಹಕರಾಗಿ ಪದ್ಮಶ್ರೀ ಪಡೆದ ಅವರು ದೊಡ್ಡ ವ್ಯಕ್ತಿಗಳನ್ನೂ ತೆಗೆದರು. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಅವರು ತೆಗೆದ ಮಕ್ಕಳು, ಸಾಮಾನ್ಯ ಜನರು, ಅವರ ದುಡಿಮೆ ಮತ್ತು ನಗು. ಆ ಚಿತ್ರಗಳಲ್ಲಿ ಯಾರೂ ಪ್ರದರ್ಶನದ ವಸ್ತುವಾಗಿಲ್ಲ. ಅಪರಿಚಿತರ ಚಿತ್ರ ತೆಗೆಯುವಾಗ ಒಂದು ಮಾತು ಕೇಳುವುದು, ಬೇಡವೆಂದರೆ ಕ್ಯಾಮೆರಾ ಇಳಿಸುವುದು, ತೆಗೆದ ಮೇಲೆ ತೋರಿಸುವುದು, ಸಾಧ್ಯವಾದರೆ ಒಂದು ಪ್ರತಿ ಕಳುಹಿಸುವುದು, ಇದು ಸೌಜನ್ಯವೂ ಹೌದು, ಒಳ್ಳೆಯ ಚಿತ್ರದ ಗುಟ್ಟೂ ಹೌದು. ಬಡತನವನ್ನು ದೂರದಿಂದ ಕದ್ದು ತೆಗೆದ ಚಿತ್ರದಲ್ಲಿ ಕದ್ದ ಲಕ್ಷಣ ಕಂಡೇ ಕಾಣುತ್ತದೆ.

ತಾಳ್ಮೆಗೆ ಇನ್ನೊಂದು ಕನ್ನಡದ ಉದಾಹರಣೆ ಪೂರ್ಣಚಂದ್ರ ತೇಜಸ್ವಿ. ಕಥೆ, ಕಾದಂಬರಿ ಬರೆದ ಕೈ ಮೂಡಿಗೆರೆಯ ಕಾಫಿ ತೋಟದಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಕಾದಿತು. ಅವರು ದೂರದ ಅಭಯಾರಣ್ಯಗಳಿಗೇ ಹೋಗಬೇಕೆಂದಿರಲಿಲ್ಲ. ಮನೆಯ ಸುತ್ತಲಿನ ಹಕ್ಕಿಗಳೇ ಸಾಕಷ್ಟಿದ್ದವು. ಹವ್ಯಾಸಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕೆ? ಗೂಡು, ಮರಿಗಳ ಹತ್ತಿರ ಹೋಗಿ ತಾಯಿಹಕ್ಕಿಯನ್ನು ಬೆದರಿಸಬಾರದು ಎಂಬ ವಿವೇಕ ಮಾತ್ರ ಜೊತೆಗಿರಬೇಕು.

ಅಳಿಸಬೇಡಿ

ಟಾಲ್ಬಟ್ 1844ರಿಂದ 1846ರ ನಡುವೆ ಕಂತುಗಳಲ್ಲಿ ಹೊರತಂದ ಪುಸ್ತಕದಲ್ಲಿ ಛಾಯಾಚಿತ್ರದ ಒಂದು ವಿಶೇಷವನ್ನು ಗುರುತಿಸಿದ್ದಾನೆ. ತೆಗೆಯುವಾಗ ಗಮನಕ್ಕೇ ಬಾರದ ಸಂಗತಿಗಳು ಎಷ್ಟೋ ಕಾಲದ ಮೇಲೆ ಚಿತ್ರದಲ್ಲಿ ಕಾಣಸಿಗುತ್ತವೆ. ದೂರದ ಗಡಿಯಾರದ ಮುಖವೊಂದು ಚಿತ್ರ ತೆಗೆದ ಹೊತ್ತನ್ನೇ ತಾನಾಗಿ ದಾಖಲಿಸಿಬಿಟ್ಟಿರಬಹುದು ಎಂಬುದು ಅವನ ಮಾತಿನ ಸಾರ.

ಗ್ರೀನ್‌ಲಾನ ಚಿತ್ರದ ಇಟ್ಟಿಗೆ ಗೋಪುರ ಅಂಥದ್ದೇ ಸಾಕ್ಷಿ. ಅದು ಸುಂದರವಾಗಿರಲಿಲ್ಲ. ಶಿಥಿಲವಾಗಿತ್ತು. ನಯವಾದ ಕಲ್ಲಿನ ಕೆತ್ತನೆಯ ಮೇಲೆ ಒಡಕು ಇಟ್ಟಿಗೆಯ ರಾಶಿ. ಈಗಿನ ಹಲವು ಫೋನ್‌ಗಳಲ್ಲಿ ಬೇಡದ ವಸ್ತುವಿನ ಮೇಲೆ ಬೆರಳಾಡಿಸಿದರೆ ಅದು ಮಾಯವಾಗುವ ಸೌಲಭ್ಯವಿದೆ. ತಂತಿ, ಕಂಬ, ಕಸದ ಡಬ್ಬಿ, ಪಕ್ಕದಲ್ಲಿ ನಿಂತ ಅಪರಿಚಿತ, ಯಾವುದನ್ನು ಬೇಕಾದರೂ ಅಳಿಸಬಹುದು. ಅಂಥ ಅನುಕೂಲ 1856ರಲ್ಲಿ ಇದ್ದಿದ್ದರೆ ಆ ಶಿಖರ ಉಳಿಯುತ್ತಿತ್ತೆ? ಕಣ್ಣಿಗೆ ಹಿತವಾಗಲೆಂದು ಅಳಿಸಿದ್ದರೆ ರಥದ ಚರಿತ್ರೆಯ ಒಂದು ಅಧ್ಯಾಯವೇ ಅಳಿಯುತ್ತಿತ್ತು.

ಚಿತ್ರವನ್ನು ತಿದ್ದಲೇಬಾರದು ಎಂದಲ್ಲ. ಬೆಳಕನ್ನು ತುಸು ಏರಿಸುವುದು, ವಾಲಿದ್ದನ್ನು ನೆಟ್ಟಗೆ ಮಾಡುವುದು, ಅಂಚು ಕತ್ತರಿಸುವುದು ಕತ್ತಲೆಕೋಣೆಯ ಕಾಲದಿಂದಲೂ ಇದ್ದದ್ದೇ. ಇದ್ದುದನ್ನು ಇಲ್ಲವೆನ್ನುವುದು, ಇಲ್ಲದ್ದನ್ನು ಇದೆಯೆನ್ನುವುದು ಬೇರೆ ಮಾತು. ಹಾಗೆ ಮಾಡಲೇಬೇಕೆನಿಸಿದರೆ ಮೂಲಪ್ರತಿಯನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು.

ಕ್ಯಾಮೆರಾ ಉಳಿಸಬಲ್ಲದು, ಕೆಡವಲೂ ಬಲ್ಲದು. 2019ರ ಆರಂಭದಲ್ಲಿ ಹಂಪೆಯ ಸ್ಮಾರಕವೊಂದರ ಕಂಬವನ್ನು ಯುವಕರು ತಳ್ಳಿ ಉರುಳಿಸುವ ವಿಡಿಯೋ ಹರಡಿ ಎಲ್ಲೆಡೆ ಆಕ್ರೋಶ ಎದ್ದಿತು. ಬಳಿಕ ನ್ಯಾಯಾಲಯ ಅವರಿಗೆ ದಂಡ ವಿಧಿಸಿತು. ಕಂಬಗಳನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಲಾಯಿತು. ಒಂದೇ ಊರಿನ ಕಲ್ಲುಗಳ ಎದುರು 163 ವರ್ಷಗಳ ಅಂತರದಲ್ಲಿ ನಿಂತ ಎರಡು ಕ್ಯಾಮೆರಾಗಳು ಇವು. ಶಿಲ್ಪದ ಮೇಲೆ ಹತ್ತಿ ಕುಳಿತು ತೆಗೆಸಿಕೊಳ್ಳುವ ಚಿತ್ರವೂ ಸಣ್ಣ ಪ್ರಮಾಣದಲ್ಲಿ ಎರಡನೆಯ ಸಾಲಿಗೇ ಸೇರುತ್ತದೆ.

ಹಿಂಬದಿಯ ನಾಲ್ಕು ಸಾಲು

ತೆಗೆದ ಮೇಲೆ ಕೆಲಸ ಮುಗಿಯುವುದಿಲ್ಲ. ಒಂದು ವಾರ ಬಿಟ್ಟು ಚಿತ್ರಗಳನ್ನು ನೋಡಬೇಕು. ತೆಗೆದ ದಿನದ ಸಂಭ್ರಮ ಇಳಿದಿರುತ್ತದೆ, ದೋಷ ಕಾಣುತ್ತದೆ. ನೂರರಲ್ಲಿ ಐದು ಆರಿಸಿದರೆ ಆ ಐದು ಎದ್ದು ಕಾಣುತ್ತವೆ. ನೂರನ್ನೂ ತೋರಿಸಿದರೆ ನೆಂಟರು ಆಕಳಿಸುತ್ತಾರೆ. ಆರಿಸುವಾಗ ‘ಇದು ಯಾಕೆ ಬೇಡ’ ಎಂದು ತನಗೆ ತಾನೇ ಹೇಳಿಕೊಳ್ಳುವವನು ಮುಂದಿನ ಸಲ ಆ ತಪ್ಪು ಮಾಡುವುದು ಕಡಿಮೆ.

ಆರಿಸಿದ್ದನ್ನು ಅಚ್ಚು ಹಾಕಿಸಬೇಕು. ಫೋನು ಕಳೆಯುತ್ತದೆ, ನೀರಿಗೆ ಬೀಳುತ್ತದೆ, ಕೆಡುತ್ತದೆ. ಗಣಕದಲ್ಲಿಟ್ಟಿದ್ದಕ್ಕೂ ಕನಿಷ್ಠ ಇನ್ನೊಂದು ಪ್ರತಿ ಬೇರೊಂದು ಕಡೆ ಇರಬೇಕು. ಗ್ರೀನ್‌ಲಾನ ಮೇಣದ ಕಾಗದಗಳು ಇಷ್ಟು ಕಾಲ ಬಾಳಿದವು. ಹತ್ತು ವರ್ಷದ ಹಿಂದಿನ ಫೋನಿನ ಚಿತ್ರಗಳು ಈಗ ಎಷ್ಟು ಜನರ ಬಳಿ ಇವೆ?

ಅಚ್ಚಾದ ಚಿತ್ರದ ಹಿಂಬದಿ ಮೆತ್ತನೆಯ ಪೆನ್ಸಿಲಿನಿಂದ ನಾಲ್ಕು ಸಾಲು ಬರೆಯಬೇಕು: ಯಾರು, ಎಲ್ಲಿ, ಯಾವಾಗ, ಏನು ನಡೆಯುತ್ತಿತ್ತು. ಬಾಲ್‌ಪೆನ್ ಒತ್ತಿ ಬರೆದರೆ ಗುರುತು ಮುಂಬದಿಗೆ ಮೂಡುತ್ತದೆ. ಹಳೆಯ ಟ್ರಂಕುಗಳಲ್ಲಿ ಎಷ್ಟೋ ಸುಂದರ ಚಿತ್ರಗಳಿವೆ. ಅವುಗಳಲ್ಲಿರುವವರು ಯಾರೆಂದು ಹೇಳುವವರೇ ಉಳಿದಿಲ್ಲ. ಹೆಸರಿಲ್ಲದ ಮುಖ ಎರಡು ತಲೆಮಾರಿನಲ್ಲಿ ಅನಾಥವಾಗುತ್ತದೆ.

ಕೊನೆಯದಾಗಿ, ಏನನ್ನು ತೆಗೆಯಬೇಕು? ಹಂಪೆಗೇ ಹೋಗಬೇಕಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ದಿನವೂ ಸಾವಿರಾರು ಜನ ಓಡಾಡಿದರು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ಜೀವಹಾನಿಯಾಯಿತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಮರಸಾಲಿನ ಹಳೆಯ ಕಾಲುದಾರಿ ಮೆಟ್ರೊ ಕಾಮಗಾರಿಗೆ ಹೋಯಿತು. ಪ್ರತಿ ಊರಿನಲ್ಲೂ ನಾಳೆ ಇರಲಾರದ ಒಂದು ಚಿತ್ರಮಂದಿರ, ಒಂದು ಸಂತೆಮಾಳ, ಒಂದು ಕೆರೆ ಏರಿ, ಒಂದು ಹಂಚಿನ ಮನೆಯ ಶಾಲೆ ಇದೆ. ಅದರ ಎದುರು ಒಂದು ಜಾಗ ಗೊತ್ತು ಮಾಡಿಕೊಂಡು, ವರ್ಷಕ್ಕೊಮ್ಮೆ ಅದೇ ತಿಂಗಳು, ಅದೇ ಹೊತ್ತಿಗೆ, ಅಲ್ಲಿಯೇ ನಿಂತು ಒಂದು ಚಿತ್ರ ತೆಗೆದರೆ ಸಾಕು. ಒಂದೊಂದನ್ನೇ ನೋಡಿದರೆ ಸಾದಾ ಚಿತ್ರ. ಹತ್ತು ವರ್ಷದ್ದನ್ನು ಸಾಲಾಗಿ ಇಟ್ಟರೆ ಆ ಊರಿನ ಬಳಿ ಬೇರೆಲ್ಲೂ ಸಿಗದ ದಾಖಲೆ.

ಗ್ರೀನ್‌ಲಾನಿಗೆ ತಾನು ಗೋಪುರವನ್ನು ಉಳಿಸುತ್ತಿದ್ದೇನೆ ಎಂದು ಗೊತ್ತಿದ್ದಿರಲಾರದು. ಎದುರಿಗಿದ್ದುದನ್ನು ಆತ ತಾಳ್ಮೆಯಿಂದ, ಪೂರ್ತಿಯಾಗಿ, ಇದ್ದಂತೆ ತೆಗೆದ, ಅಷ್ಟೆ. ಒಳ್ಳೆಯ ಹವ್ಯಾಸಿಯಿಂದ ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳುವುದಿಲ್ಲ. ಇಂದು ಮನೆಗೆ ಹೋದಾಗ ಜಗಲಿಯಲ್ಲಿ ಇನ್ನೂ ಬೆಳಕಿದ್ದರೆ, ಅಲ್ಲಿ ಕುಳಿತಿರುವವರಿಂದಲೇ ಆರಂಭಿಸಬಹುದು.